ಮೂರನೇ ಬೆಲ್ ಯಾರ ಕೈಯಲ್ಲಿದೆ? ಒಂದು ರಂಗಮಂದಿರದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಅನುಭವ

ಜಿಲ್ಲಾ ಕೇಂದ್ರವೊಂದರಲ್ಲಿ ಖಾಸಗಿ ಟ್ರಸ್ಟ್ ನಡೆಸುತ್ತಿರುವ, 420 ಆಸನಗಳ ಒಂದು ರಂಗಮಂದಿರದಲ್ಲಿ ನಾನು 2019ರ ಜೂನ್‌ನಿಂದ 2023ರ ಆಗಸ್ಟ್‌ವರೆಗೆ ರಂಗನಿರ್ವಾಹಕಿಯಾಗಿ ಕೆಲಸ ಮಾಡಿದ್ದೇನೆ. ರಂಗಶಿಕ್ಷಣ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, "ಅಕ್ಕಾ, ಅಲ್ಲಿ ಕೆಲಸ ಖಾಲಿ ಇದೆಯಂತೆ, ಸೇರಬಹುದಾ?" ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಕಂಡದ್ದನ್ನು ಕ್ರಮವಾಗಿ ಬರೆದಿಡುವುದು ಒಳ್ಳೆಯದೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹಾಕುತ್ತಿಲ್ಲ. ಅಲ್ಲಿ ಇನ್ನೂ ಕೆಲಸ ಮಾಡುತ್ತಿರುವ ನನ್ನ ಸಹೋದ್ಯೋಗಿಗಳ ಅನ್ನಕ್ಕೆ ಇದರಿಂದ ತೊಂದರೆಯಾಗಬಾರದು. ಕಟ್ಟಡಕ್ಕೆ ಮತ್ತು ತಾಂತ್ರಿಕ ಸೌಲಭ್ಯಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಜೊತೆಗೆ ದುಡಿದವರಿಗೆ ಐದಕ್ಕೆ ಐದು. ಆಡಳಿತಕ್ಕೆ ಒಂದು. ಮುಂದೆ ಬರೆದಿರುವುದರಲ್ಲಿ ಹೆಚ್ಚಿನ ಪಾಲು ಈ ಒಂದು ಅಂಕದ ಬಗ್ಗೆಯೇ ಇದೆ.

ಮೊದಲು ಕಟ್ಟಡದ ಮಾತು ಹೇಳಿಬಿಡುತ್ತೇನೆ, ಏಕೆಂದರೆ ನಾನು ಆ ಕೆಲಸಕ್ಕೆ ಮನಸ್ಸು ಕೊಟ್ಟದ್ದೇ ಅದನ್ನು ನೋಡಿ. ನಮ್ಮ ರಾಜ್ಯದ ಎಷ್ಟೋ ಸಭಾಂಗಣಗಳನ್ನು ಭಾಷಣಕ್ಕೆಂದು ಕಟ್ಟಿ ಆಮೇಲೆ ನಾಟಕಕ್ಕೆ ಬಾಡಿಗೆ ಕೊಡುತ್ತಾರೆ. ಅಂಥಲ್ಲಿ ವೇದಿಕೆಗೆ ಆಳ ಇರುವುದಿಲ್ಲ, ಪಕ್ಕದಲ್ಲಿ ನಟರು ನಿಲ್ಲಲು ಜಾಗ ಇರುವುದಿಲ್ಲ, ಪಾತ್ರಧಾರಿ ಎಡಗಡೆಯಿಂದ ಬಲಗಡೆಗೆ ಹೋಗಬೇಕಾದರೆ ಹೊರಗಿನ ಅಂಗಳವನ್ನು ಸುತ್ತಿ ಬರಬೇಕಾಗುತ್ತದೆ. ಇಲ್ಲಿ ಹಾಗಿರಲಿಲ್ಲ. ನಾಟಕ ಬಲ್ಲವರೊಬ್ಬರ ಸಲಹೆ ಪಡೆದು ಕಟ್ಟಿದ್ದರು. ಮರದ ಹಲಗೆಯ ನೆಲ, ಎರಡೂ ಕಡೆ ವಿಶಾಲವಾದ ವಿಂಗ್, ಹಿಂಬದಿಯಲ್ಲಿ ಯಾರಿಗೂ ಕಾಣದಂತೆ ದಾಟಿಹೋಗುವ ದಾರಿ, ದೀಪಗಳನ್ನು ತೂಗುಹಾಕುವ ಐದು ಲೈಟ್ ಬಾರ್, ಗೋಡೆಗೆ ಹಚ್ಚಿದ ಕನ್ನಡಿಯ ಸುತ್ತ ಬಲ್ಬುಗಳಿರುವ ಎರಡು ಗ್ರೀನ್ ರೂಮ್. ಹದಿನಾಲ್ಕನೇ ಸಾಲಿನಲ್ಲಿ ಕುಳಿತವರಿಗೂ ಮೈಕ್ ಇಲ್ಲದೆ ನಟರ ಪಿಸುಮಾತು ಕೇಳಿಸುತ್ತಿತ್ತು. ಮೊದಲ ದಿನ ಖಾಲಿ ರಂಗದ ನಡುವೆ ನಿಂತು ಒಂದು ಕಂದಪದ್ಯ ಹೇಳಿ ನೋಡಿದ್ದೆ. ದನಿ ಹಿಂದಿನ ಗೋಡೆಯವರೆಗೆ ಹೋಗಿ, ಪ್ರತಿಧ್ವನಿಯಾಗದೆ ಅಲ್ಲೇ ಇಳಿಯಿತು. ಇಂಥ ಜಾಗದಲ್ಲಿ ದುಡಿಯುವುದು ಭಾಗ್ಯ ಎಂದು ಆ ದಿನ ಅಂದುಕೊಂಡೆ, ಇವತ್ತಿಗೂ ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಇನ್ನು ಆಡಳಿತದ ವಿಷಯ. ನಾಟಕ ಶುರುವಾಗುವ ಮೊದಲು ಮೂರು ಸಲ ಬೆಲ್ ಆಗುವುದು ಪ್ರೇಕ್ಷಕರಿಗೆಲ್ಲ ಗೊತ್ತು. ಮೂರನೇ ಬೆಲ್ ಆಗುವ ಹೊತ್ತಿಗೆ ರಂಗದ ಹಿಂದೆ ನಡೆಯುವುದು ಬಹಳ ಜನರಿಗೆ ಗೊತ್ತಿಲ್ಲ. ಅಲ್ಲಿಯವರೆಗೆ ನಾಟಕ ನಿರ್ದೇಶಕರದ್ದು. ಅವರು ತಿದ್ದಬಹುದು, ಬದಲಿಸಬಹುದು, ಗದರಬಹುದು. ಮೂರನೇ ಬೆಲ್ ಆದ ಮೇಲೆ ಅದು ರಂಗನಿರ್ವಾಹಕರ ಕೈಗೆ ಬರುತ್ತದೆ. ಪರದೆ ಯಾವಾಗ ಏಳಬೇಕು, ಯಾವ ಬೆಳಕು ಯಾವಾಗ ಆರಬೇಕು, ಮೇಲಿನಿಂದ ಏನಾದರೂ ಜಾರಿದರೆ ಆಟವನ್ನು ನಿಲ್ಲಿಸಬೇಕೇ ಬೇಡವೇ ಎಂದು ನಿರ್ಧರಿಸುವ ಹಕ್ಕು ಆ ಒಬ್ಬ ವ್ಯಕ್ತಿಯದು. ಇದು ಯಾರ ಪ್ರತಿಷ್ಠೆಯ ಪ್ರಶ್ನೆಯೂ ಅಲ್ಲ. ಕತ್ತಲಲ್ಲಿ, ಭಾರವಾದ ವಸ್ತುಗಳು ತಲೆಯ ಮೇಲೆ ತೂಗುತ್ತಿರುವಾಗ, ಇಪ್ಪತ್ತು ಜನ ಓಡಾಡುವ ಜಾಗದಲ್ಲಿ ಇಬ್ಬರ ಆಜ್ಞೆ ನಡೆದರೆ ಯಾರಿಗಾದರೂ ಪೆಟ್ಟಾಗುವುದು ಖಂಡಿತ ಎಂಬ ಅನುಭವದಿಂದ ಬಂದ ಕಟ್ಟಳೆ ಅದು. ನಮ್ಮ ರಂಗಮಂದಿರದ ಮುಖ್ಯಸ್ಥರಿಗೆ ಈ ಕಟ್ಟಳೆ ಒಪ್ಪಿಗೆಯಾಗಲಿಲ್ಲ. ಅವರ ಕೈಕೆಳಗೆ ನಾನು ಕಂಡ ಕಷ್ಟಗಳನ್ನೆಲ್ಲ ಹಿಂದಿರುಗಿ ನೋಡಿದರೆ, ಎಲ್ಲದರ ಬೇರೂ ಇಲ್ಲೇ ಇದೆ ಅನ್ನಿಸುತ್ತದೆ.

ಅವರು ಕೆಟ್ಟ ಮನುಷ್ಯರಾಗಿರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಬಂದವರು, ಹಣದ ವಿಷಯದಲ್ಲಿ ಶುದ್ಧಹಸ್ತರು. ಕಾಯಂ ನೌಕರರಿಗೆ ಪ್ರತಿ ತಿಂಗಳು ಐದನೇ ತಾರೀಖಿಗೆ ಸಂಬಳ ಬರುತ್ತಿತ್ತು. ಹಳಗನ್ನಡ ಕಾವ್ಯದಿಂದ ಪದ್ಯಗಳನ್ನು ಬಾಯಿಪಾಠ ಹೇಳುತ್ತಿದ್ದರು, ದನಿ ಏರಿಸಿ ಮಾತಾಡಿದ್ದನ್ನು ನಾನು ಎರಡು ಮೂರು ಸಲಕ್ಕಿಂತ ಹೆಚ್ಚು ಕೇಳಿಲ್ಲ. ಆದರೆ ರಂಗದ ಹಿಂದಿನ ಏಣಿ ಎಷ್ಟು ಎತ್ತರವಿದೆ, ಒಂದು ಸೆಟ್ಟನ್ನು ಬಿಚ್ಚಿ ಇನ್ನೊಂದನ್ನು ಕಟ್ಟಲು ಎಷ್ಟು ಹೊತ್ತು ಬೇಕು, ಬೆಳಕಿನವರು ಸಂಜೆಯ ಆಟಕ್ಕೆ ಬೆಳಗ್ಗೆ ಹತ್ತಕ್ಕೇ ಏಕೆ ಬರುತ್ತಾರೆ ಎಂಬ ಯಾವುದನ್ನೂ ಅವರು ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ತಿಳಿಯದಿರುವುದು ತಪ್ಪಲ್ಲ, ಆಡಳಿತದಿಂದ ಬಂದವರಿಗೆ ತಿಳಿದಿರಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ತಿಳಿದವರು "ಇದು ಆಗುವುದಿಲ್ಲ ಸರ್" ಎಂದಾಗ ಅದನ್ನು ಅವಿಧೇಯತೆ ಎಂದು ಲೆಕ್ಕ ಹಾಕಿಕೊಂಡದ್ದು ತಪ್ಪು. ಕಚೇರಿಯಲ್ಲಿ ಆಗುವುದಿಲ್ಲ ಎಂದವನ ಕಡತವನ್ನು ಬದಿಗಿಟ್ಟರೆ ಕೆಲಸ ತಡವಾಗುತ್ತದೆ, ಅಷ್ಟೇ. ರಂಗದ ಮೇಲೆ ಹಾಗೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಸಂಗಗಳನ್ನು ವಿವರವಾಗಿ ಬರೆಯುತ್ತೇನೆ.

ಮೊದಲನೆಯದು 2022ರ ಡಿಸೆಂಬರ್‌ನ ಒಂದು ಭಾನುವಾರ. ತಾಲ್ಲೂಕಿನ ಹಳ್ಳಿಗಳ ರೈತರು, ಶಾಲಾ ಮಾಸ್ತರರು, ಒಬ್ಬ ಬಡಗಿ, ಇಬ್ಬರು ಅಂಗನವಾಡಿ ಕಾರ್ಯಕರ್ತೆಯರು ಸೇರಿ ಆರು ತಿಂಗಳು ಅಭ್ಯಾಸ ಮಾಡಿದ ಪೌರಾಣಿಕ ನಾಟಕ ಅದು. ಸಂಜೆ ಆರೂವರೆಗೆ ಆಟವೆಂದು ಕರಪತ್ರದಲ್ಲಿ ಅಚ್ಚಾಗಿತ್ತು. ಅವರ ಊರಿನವರು ಇನ್ನೂರಕ್ಕೂ ಹೆಚ್ಚು ಜನ ಮಧ್ಯಾಹ್ನವೇ ಬಸ್ಸು, ಟೆಂಪೊಗಳಲ್ಲಿ ಬಂದು ಆವರಣದ ಹೊಂಗೆಮರದ ಕೆಳಗೆ ಬುತ್ತಿ ಬಿಚ್ಚಿ ಊಟ ಮಾಡಿದ್ದರು. ಆರೂ ಇಪ್ಪತ್ತಕ್ಕೆ ಎರಡನೇ ಬೆಲ್ ಆಯಿತು. ದೊರೆಯ ಪಾತ್ರ ಮಾಡುವ, ಎಪ್ಪತ್ತು ದಾಟಿದ ಹಿರಿಯರು ಕಿರೀಟ, ಭುಜಕೀರ್ತಿ, ಎದೆಕವಚ ಎಲ್ಲ ಕಟ್ಟಿಕೊಂಡು ಬಲಗಡೆಯ ವಿಂಗ್‌ನಲ್ಲಿ ಬಂದು ನಿಂತರು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದಿದ್ದರು. ನಾನು ಮೂರನೇ ಬೆಲ್ಲಿನ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಆಗ ಕಚೇರಿಯಿಂದ ಫೋನ್ ಬಂತು. "ಸಾಹೇಬರು ದಾರಿಯಲ್ಲಿದ್ದಾರೆ, ಒಂದ್ ಹತ್ ನಿಮಿಷ ಹಿಡ್ಕೊಳಿ" ಎಂದರು. ಮುಖ್ಯ ಅತಿಥಿಗಳ ಹೆಸರು ಕರಪತ್ರದಲ್ಲಿ ಇರಲಿಲ್ಲ, ತಂಡದವರು ಅವರನ್ನು ಕರೆದೂ ಇರಲಿಲ್ಲ. ಮುಖ್ಯಸ್ಥರು ತಾವೇ ಅಂದು ಬೆಳಗ್ಗೆ ಆಹ್ವಾನಿಸಿದ್ದರಂತೆ.

ಹತ್ತು ನಿಮಿಷ ಇಪ್ಪತ್ತಾಯಿತು, ನಲವತ್ತಾಯಿತು. ಮಾತು ಕೊಟ್ಟಂತೆ ಆಟ ಶುರು ಮಾಡಿ, ಅತಿಥಿಗಳು ಬಂದಾಗ ಮಧ್ಯಂತರದಲ್ಲಿ ಗೌರವಿಸೋಣ ಎಂದು ಎರಡು ಸಲ ಕೇಳಿಕೊಂಡೆ. "ನಾನು ಹೇಳೋವರೆಗೂ ಬೆಲ್ ಹೊಡಿಬೇಡಿ" ಎಂಬ ಉತ್ತರ ಬಂತು. ಆ ಹಿರಿಯರಿಗೆ ಕುರ್ಚಿ ತಂದು ಹಾಕಿದೆವು, ಎದೆಕವಚದಿಂದಾಗಿ ಅವರಿಗೆ ಸರಿಯಾಗಿ ಕೂರಲಾಗಲಿಲ್ಲ. ಕಿರೀಟವನ್ನು ತೆಗೆದರೆ ಹಣೆಯ ಬಣ್ಣ ಕದಡುತ್ತದೆಂದು ತೆಗೆಯಲೂ ಇಲ್ಲ. ಕಂಬಕ್ಕೆ ಒರಗಿ ನಿಂತು, ಕಣ್ಣು ಮುಚ್ಚಿಕೊಂಡು, ತಮ್ಮ ಮೊದಲ ಪದ್ಯವನ್ನು ಮತ್ತೆ ಮತ್ತೆ ಗುನುಗುತ್ತಿದ್ದರು. ಏಳೂ ಇಪ್ಪತ್ತೈದಕ್ಕೆ ಅತಿಥಿಗಳು ಬಂದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಎರಡು ಭಾಷಣ. ಪರದೆ ಎದ್ದಾಗ ಎಂಟು ಗಂಟೆಗೆ ಐದು ನಿಮಿಷ ಉಳಿದಿತ್ತು. ಅವರ ಊರಿನ ಕಡೆಗೆ ಹೋಗುವ ಕೊನೆಯ ಬಸ್ಸು ಒಂಬತ್ತೂವರೆಗೆ. ದೊರೆ ತನ್ನ ಮಗನನ್ನು ಕಳೆದುಕೊಳ್ಳುವ ದೃಶ್ಯ ಬರುವ ಹೊತ್ತಿಗೆ, ಅಂದರೆ ಆ ಹಿರಿಯರು ಆರು ತಿಂಗಳು ಕಾದಿದ್ದ ಆ ದೃಶ್ಯ ಬರುವ ಹೊತ್ತಿಗೆ, ಅವರ ಊರಿನ ಜನ ಒಬ್ಬೊಬ್ಬರಾಗಿ ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಬಗ್ಗಿಕೊಂಡು ಹೊರಗೆ ಹೋಗತೊಡಗಿದರು. ಅವರ ಸೊಸೆ, ಮೊಮ್ಮಕ್ಕಳೂ ಹೋದರು. ರಂಗದ ಮೇಲಿನ ಬೆಳಕಿನಲ್ಲಿ ನಿಂತವರಿಗೆ ಪ್ರೇಕ್ಷಕರ ಮುಖ ಕಾಣುವುದಿಲ್ಲ, ಬಾಗಿಲು ತೆರೆದು ಮುಚ್ಚುವಾಗಿನ ಬೆಳಕಿನ ಗೆರೆ ಮಾತ್ರ ಕಾಣುತ್ತದೆ. ಆ ಗೆರೆಯನ್ನು ಅವರು ಎಷ್ಟು ಸಲ ನೋಡಿದರೋ. ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಬೆಳಕು ಚೆನ್ನಾಗಿ ಬಿಟ್ರಿ ತಾಯಿ" ಎಂದಷ್ಟೇ ಹೇಳಿದರು.

ಈ ಕಾರಣಕ್ಕೇ ಬೆಂಗಳೂರಿನ ರಂಗಶಂಕರದ ಒಂದು ನಿಯಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಶಂಕರ್‌ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರ ಮುಂದಾಳತ್ವದಲ್ಲಿ 2004ರಲ್ಲಿ ಬಾಗಿಲು ತೆರೆದ ಆ ರಂಗಮಂದಿರದಲ್ಲಿ ಹೇಳಿದ ಹೊತ್ತಿಗೆ ನಾಟಕ ಆರಂಭವಾಗುತ್ತದೆ, ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಮೊದಮೊದಲು ಜನ ಇದನ್ನು ಬಿಗುಮಾನವೆಂದು ತಿಳಿದಿರಬಹುದು. ಆದರೆ ಒಂದು ಸಂಸ್ಥೆಯ ಮೇಲಿರುವವರು ಇಂಥ ನಿಯಮವನ್ನು ಮಾಡಿ, ಎಂಥವರಿಗಾಗಿಯೂ ಅದನ್ನು ಸಡಿಲಿಸದೆ ನಿಂತಾಗ, ಅದರ ಲಾಭ ಸಿಗುವುದು ಬೆಲ್ಲಿನ ಹತ್ತಿರ ಕುಳಿತ, ಯಾವ ಅಧಿಕಾರವೂ ಇಲ್ಲದ ನನ್ನಂಥವರಿಗೆ ಮತ್ತು ವೇಷ ಕಟ್ಟಿ ಕಾಯುತ್ತಿರುವ ಕಲಾವಿದರಿಗೆ. ಕಂಪನಿ ನಾಟಕಗಳ ಕಾಲದಲ್ಲಿ ಮಾಲೀಕರ ದಬ್ಬಾಳಿಕೆ ಕಡಿಮೆಯೇನೂ ಇರಲಿಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೆ ಗುಬ್ಬಿ ವೀರಣ್ಣನವರಂಥ ಮಾಲೀಕರು ತಾವೇ ಬಣ್ಣ ಹಚ್ಚಿ ರಂಗಕ್ಕೆ ಇಳಿಯುತ್ತಿದ್ದವರು. ವೇಷ ಕಟ್ಟಿಕೊಂಡು ಒಂದು ಗಂಟೆ ಕಾಯುವುದೆಂದರೆ ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹೆಗ್ಗೋಡಿನ ನೀನಾಸಂನಲ್ಲಿ ಅಭಿನಯ ಕಲಿಯಲು ಬಂದ ವಿದ್ಯಾರ್ಥಿಗಳೇ ಸೆಟ್ಟಿಗೆ ಮೊಳೆ ಹೊಡೆಯುತ್ತಾರೆ, ರಂಗ ಗುಡಿಸುತ್ತಾರೆ, ಬೆಳಕಿನ ಏಣಿ ಹತ್ತುತ್ತಾರೆ. ಎಲ್ಲ ಕೆಲಸವನ್ನೂ ಒಮ್ಮೆ ಮೈಮುಟ್ಟಿ ಮಾಡಿದವರು ಮುಂದೆ ಯಾವ ಹುದ್ದೆಗೆ ಹೋದರೂ "ಒಂದ್ ಹತ್ ನಿಮಿಷ" ಎನ್ನುವ ಮೊದಲು ಯೋಚಿಸುತ್ತಾರೆ ಎಂಬುದು ನನ್ನ ನಂಬಿಕೆ.

ಎರಡನೆಯ ಪ್ರಸಂಗ ಇದಕ್ಕಿಂತ ಗಂಭೀರವಾದದ್ದು. ನೃತ್ಯಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಅಲಂಕಾರದ ಗುತ್ತಿಗೆ ಹಿಡಿದವರು ಕಬ್ಬಿಣದ ಚೌಕಟ್ಟಿಗೆ ಬಿಗಿದ ದೊಡ್ಡ ಫ್ಲೆಕ್ಸ್ ತಂದಿದ್ದರು. ಅದನ್ನು ಮೂರನೇ ಲೈಟ್ ಬಾರಿಗೆ ತಂತಿಯಿಂದ ಕಟ್ಟಬೇಕೆಂದರು. ಆ ಬಾರಿನ ಮೇಲೆ ಆಗಲೇ ಹನ್ನೆರಡು ದೀಪಗಳಿದ್ದವು, ಒಂದೊಂದೂ ಹತ್ತು ಕಿಲೋ ಆಸುಪಾಸಿನದು. ನಮ್ಮಲ್ಲಿ ಬೆಳಕಿನ ಉಸ್ತುವಾರಿ ಹೊತ್ತಿದ್ದ ಅಣ್ಣ ಮೂವತ್ತು ವರ್ಷ ಊರೂರು ತಿರುಗಿ ನಾಟಕಗಳಿಗೆ ಬೆಳಕು ಕಟ್ಟಿದವರು. ಬಾರನ್ನು ಕೈಯಿಂದ ಒಮ್ಮೆ ಅಲುಗಿಸಿ ನೋಡಿ, "ಇದು ತೂಕ ತಡೆಯಲ್ಲ, ಹಿಂದಿನ ಗೋಡೆಗೆ ಕಟ್ಕೊಳ್ಳಿ" ಎಂದರು. ನಾನೂ ಅದನ್ನೇ ಹೇಳಿ ಅಲಂಕಾರದವರನ್ನು ಹಿಂದಕ್ಕೆ ಕಳುಹಿಸಿದೆ. ಅವರು ನೇರವಾಗಿ ಕಚೇರಿಗೆ ಹೋದರು. ಹದಿನೈದು ನಿಮಿಷದಲ್ಲಿ ಮುಖ್ಯಸ್ಥರು ರಂಗದ ಅಂಚಿನವರೆಗೆ ಬಂದು, ಮೇಲೆ ನೋಡದೆ, "ಅವರು ಬಾಡಿಗೆ ಕೊಟ್ಟಿದ್ದಾರೆ, ಕೇಳಿದ ಕಡೆ ಕಟ್ಟಲು ಬಿಡಿ. ಪ್ರತಿಯೊಂದಕ್ಕೂ ಅಡ್ಡಿ ಮಾಡಬೇಡಿ" ಎಂದು ಎಲ್ಲರ ಎದುರಿಗೆ ಹೇಳಿ ಹೋದರು. ಅಲಂಕಾರದ ಹುಡುಗರು ಏಣಿ ಹಾಕಿದರು.

ಅಣ್ಣ ಏನೂ ಮಾತಾಡಲಿಲ್ಲ. ತಮ್ಮ ತಗಡಿನ ಪೆಟ್ಟಿಗೆಯನ್ನು ತೆರೆದು, ಬೇರೆ ಬಾರುಗಳಿಂದ ಬಿಚ್ಚಿಟ್ಟಿದ್ದ ಸೇಫ್ಟಿ ಚೈನುಗಳನ್ನು ಹೆಗಲಿಗೆ ಹಾಕಿಕೊಂಡು, ಆ ಹುಡುಗರು ಇಳಿದ ಮೇಲೆ ತಾವೇ ಹತ್ತಿ, ಹನ್ನೆರಡು ದೀಪಗಳಿಗೂ ಎರಡನೆಯ ಚೈನು ಸುತ್ತಿ, ಕೊಂಡಿ ಬಿದ್ದಿದೆಯೇ ಎಂದು ಒಂದೊಂದನ್ನೂ ಎಳೆದು ನೋಡಿ ಇಳಿದರು. ಮಂಡಿನೋವಿದ್ದ ಮನುಷ್ಯ, ಆ ದಿನ ಐದು ಸಲ ಏಣಿ ಹತ್ತಿಳಿದರು. ಮಾರನೆಯ ದಿನ ಮಧ್ಯಾಹ್ನ ಮಕ್ಕಳ ತಾಲೀಮು ನಡೆಯುವಾಗ ಚೌಕಟ್ಟಿನ ಒಂದು ಬದಿಯ ತಂತಿ ಹರಿದು ಬಾರು ಒಮ್ಮೆಲೇ ಓಲಾಡಿತು. ತುದಿಯ ದೀಪವೊಂದರ ಹಿಡಿಕೆ ಜಾರಿತು. ಕೆಳಗೆ ಗೆಜ್ಜೆ ಕಟ್ಟಿದ, ಎಂಟೊಂಬತ್ತು ವರ್ಷದ ಇಬ್ಬರು ಹುಡುಗಿಯರು ಅರಮಂಡಿಯಲ್ಲಿ ಕುಳಿತಿದ್ದರು. ದೀಪ ಒಂದು ಅಡಿ ಕೆಳಗೆ ಬಂದು, ಚೈನಿನಲ್ಲಿ ನೇತಾಡಿ, ಗಿರಗಿರನೆ ತಿರುಗಿತು. ಒಂದು ಗಾಜಿನ ಚೂರು ರಂಗದ ಹಲಗೆಯ ಮೇಲೆ ಬಿದ್ದ ಸದ್ದು ನನಗೆ ಇನ್ನೂ ಕೇಳಿಸುತ್ತದೆ. ಮಕ್ಕಳಿಗೆ ಏನೂ ಆಗಲಿಲ್ಲ. ಸಂಜೆ ಮುಖ್ಯಸ್ಥರು ನಮ್ಮನ್ನು ಕರೆಸಿದರು. ನೇತಾಡುತ್ತಿದ್ದ ದೀಪದ ಫೋಟೊವನ್ನು ನೌಕರರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದವರು ಯಾರು ಎಂಬುದು ಅವರ ಮೊದಲ ಪ್ರಶ್ನೆ. ಎರಡನೆಯ ಪ್ರಶ್ನೆ ಇರಲಿಲ್ಲ. ಅಣ್ಣನಿಗೆ ಒಂದು ಒಳ್ಳೆಯ ಮಾತು ಬರಲಿಲ್ಲ. ಮುಂದಿನ ತಿಂಗಳು ಅವರು ಬೇರೆ ಊರಿನಲ್ಲಿ ಕೆಲಸ ನೋಡಿಕೊಂಡು ಹೋದರು.

ಬಾಗಿಲಿನ ವಿಷಯವನ್ನೂ ಇದರ ಜೊತೆಗೇ ಹೇಳಬೇಕು. ಸಭಾಂಗಣಕ್ಕೆ ಮುಂಭಾಗದ ಎರಡು ದೊಡ್ಡ ಬಾಗಿಲುಗಳಲ್ಲದೆ ಎಡಕ್ಕೊಂದು ಬಲಕ್ಕೊಂದು ತುರ್ತು ಬಾಗಿಲುಗಳಿದ್ದವು. ಎಡಬಾಗಿಲಿನಿಂದ ಟಿಕೆಟ್ ಇಲ್ಲದವರು ನುಸುಳುತ್ತಾರೆಂದು ಮುಖ್ಯಸ್ಥರು ಅದಕ್ಕೆ ಹೊರಗಿನಿಂದ ಬೀಗ ಹಾಕಿಸಿದರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿಯ ಹೊಗೆ ತುಂಬಿ 59 ಜನ ಸತ್ತದ್ದು, ಹೆಚ್ಚುವರಿ ಕುರ್ಚಿಗಳನ್ನು ಹಾಕಿ ದಾರಿ ಮುಚ್ಚಿದ್ದರಿಂದ ಬಾಲ್ಕನಿಯಲ್ಲಿದ್ದವರಿಗೆ ಹೊರಗೆ ಬರಲಾಗದೆ ಹೋದದ್ದು ಈ ಕ್ಷೇತ್ರದಲ್ಲಿ ದುಡಿಯುವವರೆಲ್ಲರೂ ಕಲಿತಿರಬೇಕಾದ ಪಾಠ. ಬಟ್ಟೆಯ ಪರದೆ, ಮರದ ಸೆಟ್ಟು, ಬಿಸಿಯಾಗುವ ದೀಪ ಎಲ್ಲವೂ ಇರುವ ನಾಟಕದ ಮನೆಗೆ ಈ ಪಾಠ ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಾನು ಮೂರು ಪತ್ರ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ಕಾವಲುಗಾರರನ್ನು ಒಪ್ಪಿಸಿ, ಆಟದ ದಿನಗಳಲ್ಲಿ ಬೀಗ ತೆಗೆಸಿ, ಕೆಂಪು ದಾರ ಕಟ್ಟಿದ ಅದರ ಕೀಲಿಯನ್ನು ನನ್ನ ಸೊಂಟದಲ್ಲೇ ಇಟ್ಟುಕೊಳ್ಳುತ್ತಿದ್ದೆ. ಇದು ಗೊತ್ತಾದ ದಿನ ಅವರು ಕೀಲಿಯನ್ನು ವಾಪಸು ಕೇಳಿ ತಮ್ಮ ಮೇಜಿನ ಖಾನೆಯಲ್ಲಿ ಇಟ್ಟರು. ಕಚೇರಿ ಸಂಜೆ ಆರಕ್ಕೆ ಮುಚ್ಚುತ್ತದೆ. ಆಟ ಶುರುವಾಗುವುದು ಆರೂವರೆಗೆ.

ಇವುಗಳ ಮುಂದೆ ಉಳಿದ ತೊಂದರೆಗಳು ಸಣ್ಣವು. ಒಂದೇ ಸಂಜೆಯನ್ನು ಇಬ್ಬರಿಗೆ ಬಾಡಿಗೆಗೆ ಕೊಟ್ಟು, ಯಾವ ತಂಡಕ್ಕೆ ಇಲ್ಲ ಎನ್ನಬೇಕೆಂಬ ಕೆಲಸವನ್ನು ನಮ್ಮ ಕೊರಳಿಗೆ ಕಟ್ಟಿದ್ದು ಐದಾರು ಸಲ ಆಯಿತು. ದಿನಚರಿ ಪುಸ್ತಕವನ್ನು ಅವರು ತಮ್ಮ ಬಳಿಯೇ ಇಟ್ಟುಕೊಳ್ಳುತ್ತಿದ್ದುದರಿಂದ ನಾಳೆ ಏನಿದೆ ಎಂದು ಇವತ್ತು ರಾತ್ರಿಯವರೆಗೆ ನಮಗೆ ತಿಳಿಯುತ್ತಿರಲಿಲ್ಲ.

ಆದರೆ ಸೆಟ್ಟು ಹೊರುವ ಹುಡುಗರ ವಿಷಯವನ್ನು ಸಣ್ಣದೆನ್ನಲಾರೆ. ಕಾಯಂ ನೌಕರರು ಹದಿನಾಲ್ಕು ಜನ ಇದ್ದೆವು. ಅದರ ಹೊರಗೆ ಎಂಟು ಜನ ದಿನಗೂಲಿಯವರು ಲಾರಿಯಿಂದ ಸೆಟ್ಟು ಇಳಿಸುವುದು, ಕಟ್ಟುವುದು, ಆಟ ಮುಗಿದ ಮೇಲೆ ನಡುರಾತ್ರಿಯವರೆಗೆ ಬಿಚ್ಚಿ ಮತ್ತೆ ತುಂಬುವುದು, ಎಲ್ಲವನ್ನೂ ಮಾಡುತ್ತಿದ್ದರು. ಅವರಲ್ಲಿ ಮೂವರು ಕಟ್ಟಡದ ಅಡಿಪಾಯ ತೋಡಿದಾಗಿನಿಂದ ಅಲ್ಲಿದ್ದವರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ರಂಗಮಂದಿರ ಮುಚ್ಚಿದಾಗ ನಮಗೆಲ್ಲ ಪೂರ್ತಿ ಸಂಬಳ ಬಂತು, ಅದಕ್ಕಾಗಿ ನಾನು ಮುಖ್ಯಸ್ಥರಿಗೆ ಕೃತಜ್ಞಳು. ಆ ಎಂಟು ಜನರಿಗೆ ಒಂದು ರೂಪಾಯಿಯೂ ಬರಲಿಲ್ಲ. ಕೇಳಲು ಹೋದಾಗ, ಅವರ ಹೆಸರು ಪಟ್ಟಿಯಲ್ಲಿಲ್ಲ ಎಂಬ ಉತ್ತರ ಸಿಕ್ಕಿತು. ಪಟ್ಟಿಯನ್ನು ಮಾಡುವವರು ಮುಖ್ಯಸ್ಥರೇ. ನಾವು ಹದಿನಾಲ್ಕು ಜನ ನಮ್ಮ ನಮ್ಮ ಸಂಬಳದಿಂದ ಸ್ವಲ್ಪ ಸ್ವಲ್ಪ ಹಾಕಿ ಅಕ್ಕಿ, ಬೇಳೆ, ಎಣ್ಣೆ ಕೊಡಿಸಿದೆವು. ಕಟ್ಟಡ ಮತ್ತೆ ತೆರೆದ ದಿನ ಎಂಟರಲ್ಲಿ ಐವರೇ ಬಂದರು. ಉಳಿದವರಲ್ಲಿ ಒಬ್ಬ ಇಟ್ಟಿಗೆ ಗೂಡಿಗೆ ಸೇರಿದ್ದ, ಇನ್ನಿಬ್ಬರು ತಮ್ಮ ಊರಿಗೆ ಹೋಗಿ ಅಲ್ಲೇ ನಿಂತಿದ್ದರು. ಹೊಸದಾಗಿ ಬಂದವರಿಗೆ ಸೆಟ್ಟಿನ ಹಲಗೆಗಳಿಗೆ ಸಂಖ್ಯೆ ಹಾಕುವ ಕ್ರಮ ಕಲಿಸಲು ನಮಗೆ ಒಂದು ವರ್ಷ ಹಿಡಿಯಿತು.

ದೀಪ ಜಾರಿದ ಮೇಲೆ ನಾವು ಐದು ಜನ ಸೇರಿ ಟ್ರಸ್ಟಿನವರಿಗೆ ಪತ್ರ ಕೊಟ್ಟೆವು. ಯಾರನ್ನೂ ತೆಗೆಯಿರಿ ಎಂದು ನಾವು ಕೇಳಲಿಲ್ಲ. ರಂಗದ ಮೇಲಿನ ಸುರಕ್ಷತೆಗೆ ಸಂಬಂಧಿಸಿದಂತೆ ತಂತ್ರಜ್ಞರು ಬೇಡವೆಂದದ್ದನ್ನು ಯಾರೂ ಮೀರಬಾರದು, ಆಟ ಹೇಳಿದ ಹೊತ್ತಿಗೆ ಶುರುವಾಗಬೇಕು, ತುರ್ತು ಬಾಗಿಲಿಗೆ ಬೀಗ ಇರಬಾರದು, ಇವಿಷ್ಟನ್ನು ಲಿಖಿತ ನಿಯಮವಾಗಿ ಮಾಡಿಕೊಡಿ ಎಂದು ಕೇಳಿದ್ದೆವು. ಟ್ರಸ್ಟಿನ ಸಭೆಯಲ್ಲಿ ಪತ್ರವನ್ನು ಓದಿ, ವಿಚಾರಿಸಿ ವರದಿ ಕೊಡುವಂತೆ ಮುಖ್ಯಸ್ಥರಿಗೇ ಕಳುಹಿಸಿದರು. ಯಾರ ಬಗ್ಗೆ ದೂರಿತ್ತೋ ಅವರ ಮೇಜಿನ ಮೇಲೆ ನಮ್ಮ ಐದು ಸಹಿಗಳಿರುವ ಹಾಳೆ ಬಂದು ಕುಳಿತಿತು. ಟ್ರಸ್ಟಿಗಳು ಕಲೆಯ ಮೇಲಿನ ಪ್ರೀತಿಯಿಂದ ಸ್ವಂತ ಹಣ ಹಾಕಿದವರು, ಅವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮುಖ್ಯಸ್ಥರನ್ನು ನೇಮಿಸುವುದರೊಂದಿಗೆ ತಮ್ಮ ಹೊಣೆ ತೀರಿತೆಂದು ಅವರು ತಿಳಿದರು. ನನ್ನ ದೃಷ್ಟಿಯಲ್ಲಿ ಆ ಸಂಸ್ಥೆಯಲ್ಲಿ ನಾಯಕತ್ವ ಕುಸಿದದ್ದಕ್ಕೆ ಒಬ್ಬರಷ್ಟೇ ಕಾರಣರಲ್ಲ. ಮೇಲಿದ್ದವರು ವರ್ಷಕ್ಕೊಮ್ಮೆಯಾದರೂ ರಂಗದ ಹಿಂದೆ ಬಂದು, ನೆಲ ಗುಡಿಸುವವರನ್ನು, ಬೆಳಕಿನವರನ್ನು "ಹೇಗಿದೆಯಪ್ಪಾ ಕೆಲಸ" ಎಂದು ಕೇಳಿದ್ದರೆ ಐದು ಸಹಿಗಳ ಪತ್ರದ ಅಗತ್ಯವೇ ಬರುತ್ತಿರಲಿಲ್ಲ.

ಆಮೇಲೆ ನಡೆದದ್ದನ್ನು ಬೇಗ ಹೇಳುತ್ತೇನೆ. ಸಹಿ ಮಾಡಿದವರ ರಜೆಗಳು ನಿಂತವು. ಕಾಯಂ ಕೆಲಸದಲ್ಲಿದ್ದ ಇಬ್ಬರನ್ನು ಹನ್ನೊಂದು ತಿಂಗಳ ಗುತ್ತಿಗೆಗೆ ಬದಲಾಯಿಸಿಕೊಳ್ಳುವಂತೆ ಒತ್ತಾಯಿಸಿದರು. ಟಿಕೆಟ್ ಕೌಂಟರಿನಲ್ಲಿದ್ದ ಹುಡುಗಿ ಮೊದಲು ಹೋದಳು, ಆಮೇಲೆ ಧ್ವನಿಯವರು, ಆಮೇಲೆ ಪ್ರಸಾಧನದ ಕೋಣೆಯನ್ನು ಮನೆಯಂತೆ ಇಟ್ಟುಕೊಂಡಿದ್ದ ಅಮ್ಮ. ಬಂದ ತಂಡ ಯಾವುದೇ ಇರಲಿ, ಆ ಅಮ್ಮ ಸೂಜಿ ದಾರ, ಪಿನ್ನು, ಕೊಬ್ಬರಿ ಎಣ್ಣೆ, ಬಣ್ಣ ಒರೆಸಲು ಹಳೆಯ ಮೆತ್ತನೆಯ ಸೀರೆಯ ತುಂಡುಗಳನ್ನು ತಟ್ಟೆಯಲ್ಲಿ ಜೋಡಿಸಿಡುತ್ತಿದ್ದರು. ಅವರು ಹೋದ ಮೇಲೆ ಆ ತಟ್ಟೆ ಖಾಲಿಯಾಗಿಯೇ ಕನ್ನಡಿಯ ಮುಂದೆ ಇತ್ತು. ನಾನು ಸೇರಿದಾಗ ಇದ್ದ ಹದಿನಾಲ್ಕು ಜನರಲ್ಲಿ ನಾನು ಬಿಡುವ ಹೊತ್ತಿಗೆ ಉಳಿದಿದ್ದವರು ಐದು. ಕೊನೆಯ ಆರು ತಿಂಗಳು ಬೆಳಗ್ಗೆ ಆ ಗೇಟು ದಾಟುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಮೂರನೇ ಬೆಲ್ಲಿನ ಗುಂಡಿ ಒತ್ತುವ ಮೊದಲು ಫೋನಿನ ಕಡೆ ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ಹಾಗೆ ನೋಡುತ್ತಿದ್ದೇನೆಂದು ನನಗೇ ಅರಿವಾದ ದಿನ ರಾಜೀನಾಮೆ ಬರೆದೆ.

ಅಲ್ಲಿಗೆ ಅಥವಾ ಅಂಥ ಬೇರೆ ಕಡೆ ಕೆಲಸಕ್ಕೆ ಹೋಗುವವರಿಗೆ ನನ್ನ ಸಲಹೆ ಇಷ್ಟು. ಸಂದರ್ಶನದಲ್ಲಿ ಸಂಬಳದ ಮಾತು ಮುಗಿದ ಮೇಲೆ, ಇಲ್ಲಿ ಮೂರನೇ ಬೆಲ್ ಯಾರು ಹೊಡೆಯುತ್ತಾರೆ ಎಂದು ಕೇಳಿ. ರಂಗನಿರ್ವಾಹಕರು ಎಂದು ಥಟ್ಟನೆ ಉತ್ತರ ಬಂದರೆ ಒಳ್ಳೆಯ ಲಕ್ಷಣ. ಅದು ಕಾರ್ಯಕ್ರಮದ ಮೇಲೆ ಹೋಗುತ್ತದೆ, ಅತಿಥಿಗಳ ಮೇಲೆ ಹೋಗುತ್ತದೆ ಎಂದು ಸುತ್ತಿ ಬಳಸಿ ಹೇಳಿದರೆ ಇನ್ನೊಮ್ಮೆ ಯೋಚಿಸಿ. ಕಚೇರಿಯಲ್ಲಿ ಮಾತಾಡಿ ಬಂದುಬಿಡಬೇಡಿ. ಆಟವಿರುವ ಒಂದು ದಿನ ಹೋಗಿ ರಂಗದ ಹಿಂದೆ ಒಂದು ಗಂಟೆ ನಿಂತು, ಮೇಲೆ ತೂಗುವ ದೀಪಗಳಿಗೆ ಚೈನು ಇದೆಯೇ, ಬಾಗಿಲುಗಳು ಒಳಗಿನಿಂದ ತಳ್ಳಿದರೆ ತೆರೆಯುತ್ತವೆಯೇ, ಹಳಬರು ಎಷ್ಟು ಜನ ಉಳಿದಿದ್ದಾರೆ ಎಂದು ನೋಡಿ. ಹೆಣ್ಣುಮಕ್ಕಳು ಇನ್ನೊಂದನ್ನೂ ಕೇಳಬೇಕು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ, ರಾತ್ರಿ ಹನ್ನೊಂದರವರೆಗೆ ಕೆಲಸವಿರುವ ರಂಗಮಂದಿರದಲ್ಲಿ ಅದರ ಅಗತ್ಯ ಹೆಚ್ಚು. ನಮ್ಮಲ್ಲಿ ಅಂಥ ಸಮಿತಿ ಇರಲಿಲ್ಲ. ಬಾಡಿಗೆಗೆ ಹಿಡಿಯುವ ತಂಡಗಳು ಆರಂಭದ ಸಮಯ, ವೇದಿಕೆ ಕಾರ್ಯಕ್ರಮ ಇದೆಯೋ ಇಲ್ಲವೋ ಎಂಬುದು, ತಾಲೀಮಿನ ಗಂಟೆಗಳು, ಈ ಮೂರನ್ನು ರಸೀದಿಯಲ್ಲೇ ಬರೆಸಿಕೊಳ್ಳಲಿ. ಕಟ್ಟಡ ಅಷ್ಟು ಚೆನ್ನಾಗಿರುವುದರಿಂದ ತಂಡಗಳಿಗೆ ಅಲ್ಲಿ ಹೋಗಬೇಡಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಳೆದ ತಿಂಗಳು ಪರಿಚಯದ ತಂಡವೊಂದರ ನಾಟಕ ಅಲ್ಲಿತ್ತು, ಟಿಕೆಟ್ ತೆಗೆದುಕೊಂಡು ಹೋಗಿದ್ದೆ. ಮರದ ನೆಲಕ್ಕೆ ಹೊಸದಾಗಿ ಎಣ್ಣೆ ಹಚ್ಚಿದ್ದರು, ದನಿ ಮೊದಲಿನಂತೆಯೇ ಹದಿನಾಲ್ಕನೇ ಸಾಲಿನವರೆಗೆ ತಿಳಿಯಾಗಿ ಬರುತ್ತಿತ್ತು. ಆರೂವರೆಯ ಆಟ ಏಳೂ ಹತ್ತಕ್ಕೆ ಶುರುವಾಯಿತು. ಕಾಯುವ ಹೊತ್ತಿನಲ್ಲಿ ಹೊರಗೆ ಹೋಗಿ ಎಡಬಾಗಿಲನ್ನು ನೋಡಿದೆ, ಬೀಗ ಇತ್ತು. ಅಲ್ಲೇ ನಿಂತಿದ್ದ ಹೊಸ ಕಾವಲುಗಾರನಿಗೆ, "ಒಳಗೆ ಜನ ತುಂಬಿದ್ದಾರೆ, ಇದನ್ನು ತೆಗೆದಿಡಪ್ಪಾ" ಎಂದೆ. ಅವನು ಗೌರವದಿಂದಲೇ, "ಕೀಲಿ ಆಫೀಸಲ್ಲಿದೆ ಮೇಡಂ, ಆಫೀಸು ಆರಕ್ಕೇ ಮುಚ್ಚಿದೆ" ಎಂದ.